ಅಣ್ಣನ ದೊಡ್ಡ ಪೇಟಿ, ಊರವರ ಕಾಲು

ನಮ್ಮಣ್ಣನಷ್ಟು ಆಸೆಯಿಂದ ಪರರ ಕಾಲು ನೋಡಿದ ಮನುಷ್ಯ ಮೂಡಲಗಿಯಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. ಮನೆಗೆ ಯಾರಾದರೂ ಬಂದರೆ ನಾವೆಲ್ಲ ಅವರ ಮುಖ ನೋಡಿ “ಬರ್ರಿ, ಕೂಡ್ರಿ” ಎನ್ನುತ್ತಿದ್ದೆವು; ಅವನ ಕಣ್ಣು ಮಾತ್ರ ನೇರವಾಗಿ ಅವರ ಹೆಬ್ಬೆರಳಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಒಮ್ಮೆ ಅಂಕಲಗಿಯಿಂದ ಒಬ್ಬ ಹಿರಿಯರು ತಮ್ಮ ಮಗಳಿಗೆ ವರ ನೋಡಲು ಬಂದರು. ಒಂದು ತಾಸು ಕೂತರು. ಆ ಒಂದು ತಾಸೂ ಇವನು ಅವರ ಪಾದಗಳನ್ನೇ ನೋಡಿದ! ಪಾಪ, ದಾರಿಯಲ್ಲಿ ಏನನ್ನೋ ತುಳಿದು ಬಂದಿದ್ದೇನೆಂದು ಅವರು ನಾಲ್ಕು ಸಲ ಅಂಗಾಲು ತಿರುವಿ ನೋಡಿಕೊಂಡರು, ಎರಡು ಸಲ ಹಿತ್ತಲಿಗೆ ಹೋಗಿ ತೊಳೆದುಕೊಂಡು ಬಂದರು. ಮರುದಿನ ಸಂಬಂಧ ಬೇಡವೆಂದು ಹೇಳಿಕಳಿಸಿದರು.

ಈ ಚಟ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ನಮ್ಮಪ್ಪ ಹಾಕಿದ ಒಂದು ಕರಾರಿನಿಂದ ಬಂದದ್ದು. ಆ ಕರಾರಿಗೆ ಇದ್ದ ಒಂದೇ ಒಂದು ಸಾಕ್ಷಿ ನಾನು. ಹೀಗಾಗಿ ಇಡೀ ಒಂದು ವರ್ಷ ಅಣ್ಣನ ಜೊತೆ ನಾನೂ ಊರವರ ಕಾಲು ನೋಡುತ್ತ ತಿರುಗಿದೆ. ಈಗ ನನಗೆ ವಯಸ್ಸಾಗಿದೆ. ಆ ಕಾಲದ ಹಿರಿಯರ ಮುಖಗಳು ಮರೆತುಹೋಗಿವೆ, ಹಿಮ್ಮಡಿಗಳು ಮಾತ್ರ ಒಂದೊಂದಾಗಿ ನೆನಪಿವೆ. ಇಂಥ ನೆನಪಿನ ಶಕ್ತಿಯನ್ನು ಇಟ್ಟುಕೊಂಡು ನಾನು ಮಾಡುವುದಾದರೂ ಏನು?

ನಮ್ಮಣ್ಣ ಜಾಝ್ ಪಿಯಾನೋ ಬಾರಿಸುತ್ತಿದ್ದ. ಬಾರಿಸುವುದಷ್ಟೇ ಅಲ್ಲ, ಸ್ವಂತ ಧಾಟಿಗಳನ್ನೂ ಕಟ್ಟುತ್ತಿದ್ದ. ಅದೂ ಎಲ್ಲಿ? ಮೂಡಲಗಿಯಲ್ಲಿ. ನೀವು ನಗುತ್ತಿದ್ದೀರಿ ಎಂದು ನನಗೆ ಗೊತ್ತು, ನಗಿ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರದ ದಿನಗಳವು. ನಮ್ಮ ಊರಿನಲ್ಲಿ ಆಗ ಸಂಗೀತವೆಂದರೆ ಮಠದ ಭಜನೆ, ಮದುವೆಯ ಸನಾದಿ, ಕುರುಬರ ಡೊಳ್ಳು. ಅಮೆರಿಕದಲ್ಲಿ ಹುಟ್ಟಿದ, ತಾಳವನ್ನು ಅರ್ಧ ಹೆಜ್ಜೆ ತಪ್ಪಿಸಿ ಹಿಡಿಯುವ ಒಂದು ಸಂಗೀತ ಇದೆ ಎಂಬ ಸುದ್ದಿ ಸುತ್ತ ಹತ್ತು ಹರದಾರಿಯಲ್ಲಿ ಯಾರಿಗೂ ಇರಲಿಲ್ಲ, ಇದ್ದಿದ್ದರೂ ಯಾರೂ ಅದರ ಗೊಡವೆಗೆ ಹೋಗುತ್ತಿರಲಿಲ್ಲ.

ನಮ್ಮದು ಬೆಲ್ಲದ ಅಡತಿ ಅಂಗಡಿ, ರೈತರು ತಂದ ಬೆಲ್ಲ ತೂಗಿ ಮಾರಿಕೊಡುವ ಕಸುಬು. ಅಪ್ಪನ ತಕ್ಕಡಿಯ ಮಾತು ಗೋಕಾಕ, ಹುಕ್ಕೇರಿವರೆಗೆ ನಡೆಯುತ್ತಿತ್ತು. ಅವರು ತೂಗಿ ಕೊಟ್ಟದ್ದನ್ನು ಮತ್ತೊಮ್ಮೆ ತೂಗಿ ನೋಡಿದವನು ಊರಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ. ಅಪ್ಪನಿಗೆ ಸುಳ್ಳು ಹೇಳಲು ಬರುತ್ತಲೇ ಇರಲಿಲ್ಲ. ಮದುವೆಯ ಮನೆಯಲ್ಲಿ ಯಜಮಾನ ಕೈ ಜೋಡಿಸಿ “ಊಟ ಹ್ಯಾಂಗಿತ್ರಿ?” ಎಂದು ಕೇಳಿದರೆ ಉಳಿದವರೆಲ್ಲ “ಛಲೋ ಇತ್ರಿ” ಎನ್ನುತ್ತಿದ್ದರು. ಅಪ್ಪ “ಹೋಳಿಗಿ ಒಳಗ ಹಸಿ ಇತ್ತು” ಎನ್ನುತ್ತಿದ್ದರು. ಕೂಸು ನೋಡಲು ಹೋದಲ್ಲಿ “ಮೂಗು ಅಜ್ಜಂದು ಬಂದೈತಿ, ಬರಬಾರದಿತ್ತು” ಎಂದು ಹೇಳಿ ಬಂದ ಮೇಲೆ ಅವ್ವ ಅವರನ್ನು ಬಾಣಂತಿಯರ ಮನೆಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟಳು.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ನಡೆಯಲು ಕಲಿಯುವ ಮುಂಚೆಯೇ ಬೆಲ್ಲದ ಡಬ್ಬಿ ಬಡಿಯಲು ಕಲಿತನಂತೆ. ಮುಂದೆ ಮಠದ ಭಜನೆಯಲ್ಲಿ ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ಹಿಡಿದ. ಹದಿನಾರಕ್ಕೆ ಒಂದು ನಾಟಕ ಕಂಪನಿಯ ಬೆನ್ನು ಹತ್ತಿ ಹೋದ. ಕಂಪನಿ ಪುಣೆಯಲ್ಲಿ ಮುರಿದುಬಿತ್ತು, ಇವನು ಮುಂಬೈ ಸೇರಿದ. ಅಲ್ಲಿ ಸಾಹೇಬರು ಕುಣಿಯುವ ಒಂದು ಹೋಟೆಲಿನಲ್ಲಿ ಪಿಯಾನೋದ ಧೂಳು ಒರೆಸುವ ಕೆಲಸ ಸಿಕ್ಕಿತು. ಧೂಳು ಒರೆಸುವಾಗ ಇವನ ಬೆರಳು ಸುಮ್ಮನಿರಬೇಕಲ್ಲ! ಅಲ್ಲಿ ಬಾರಿಸುತ್ತಿದ್ದ ಗೋವಾದ ಮುದುಕ ಮಾಸ್ತರರು ಅದನ್ನು ಕೇಳಿ ಇವನ ಕೈಯಿಂದ ಬಟ್ಟೆ ಕಿತ್ತುಕೊಂಡು ಪಾಠ ಶುರು ಮಾಡಿದರು. ಕೆಲವು ವರ್ಷಗಳಲ್ಲಿ ಅಣ್ಣ ಆ ಹೋಟೆಲಿನ ಎರಡನೆಯ ಪಿಯಾನೋ ವಾದಕನಾದ. ಎರಡನೆಯವನು ಎಂದರೆ ಮೊದಲನೆಯವರು ಊಟಕ್ಕೆ ಹೋದಾಗ ಬಾರಿಸುವವನು.

ಅತಿಥಿಗಳಿಗೆ ಗೊತ್ತಿದ್ದದ್ದನ್ನೇ ಬಾರಿಸಬೇಕೆಂಬುದು ಹೋಟೆಲಿನ ನಿಯಮ. ಆದ್ದರಿಂದ ತಾನು ಕಟ್ಟಿದ ಧಾಟಿಗಳನ್ನು ಅಣ್ಣ ಎಲ್ಲರೂ ಎದ್ದುಹೋದ ಮೇಲೆ, ಮಾಣಿಗಳು ಮೇಜು ಒರೆಸುವಾಗ ಬಾರಿಸುತ್ತಿದ್ದ. ಒಂದು ದಿನ ಒಬ್ಬ ಮಾಣಿಯ ಕಾಲು ತಾನಾಗಿ ತಾಳ ಹಾಕಿತಂತೆ. ಬಿದ್ದ ಮಳೆಗೆ ನೆಲ ಹಸಿಯಾದಷ್ಟು ಸಹಜವಾಗಿ ಆಡಿತು ಎಂದು ಅವನು ಹೇಳುತ್ತಿದ್ದ. ಮಾಣಿಗೆ ಅದು ಗೊತ್ತೂ ಆಗಲಿಲ್ಲವಂತೆ. ಅಂದಿನಿಂದ ಅಣ್ಣನಿಗೆ ಒಂದೇ ಗುಂಗು: ತನ್ನ ಊರವರ ಕಾಲು ಹೀಗೆ ಆಡಬೇಕು. ಮಾಸ್ತರರು ಗೋವಾಕ್ಕೆ ವಾಪಸು ಹೊರಟಾಗ ತಮ್ಮ ಹಳೆಯ ಪಿಯಾನೋವನ್ನು ಇವನಿಗೇ ಕೊಟ್ಟುಬಿಟ್ಟರು. ಅವರ ಹೆಂಡತಿ ಪಿಯಾನೋ ಅಥವಾ ಗಂಡ, ಎರಡರಲ್ಲಿ ಒಂದನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಳ್ಳುವುದಾಗಿ ಕಾಗದ ಬರೆದಿದ್ದರಂತೆ.

ಅದನ್ನು ರೈಲಿನಲ್ಲಿ ತಂದು, ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಇಳಿಸಿ, ನಾಲ್ಕೆತ್ತಿನ ಬಂಡಿಗೆ ಏರಿಸಿದ. ಗೋಕಾಕ ಇನ್ನೇನು ಬಂತು ಎನ್ನುವಾಗ ಬಂಡಿಯ ಗಾಲಿ ಹಳ್ಳಕ್ಕೆ ಇಳಿದು, ಬೆರಳಿಟ್ಟು ಬಾರಿಸುವ ಹನ್ನೊಂದು ಮಣೆಗಳು ಮುರಿದವು. ಪಿಯಾನೋದ ಮಣೆ ಮಾಡುವವರು ಗೋಕಾಕದಲ್ಲಿ ಎಲ್ಲಿ ಸಿಗಬೇಕು? ಆದರೆ ಕಟ್ಟಿಗೆಯಲ್ಲಿ ಹಣ್ಣು, ಕಾಯಿಪಲ್ಯ ಕೆತ್ತಿ ಬಣ್ಣ ಹಚ್ಚುವವರು ಓಣಿಗೊಬ್ಬರು ಇದ್ದರು. ಅಂಥ ಒಬ್ಬ ಮುದುಕ ಕೆಲಸ ಒಪ್ಪಿಕೊಂಡ. ಅಳತೆ ತೆಗೆದುಕೊಂಡ, ಕೆತ್ತಿದ, ಕೂದಲೆಳೆಯಷ್ಟೂ ತಪ್ಪಲಿಲ್ಲ. ನಾಲ್ಕನೆಯ ದಿನ ಅಣ್ಣ ಹೋಗಿ ನೋಡಿದರೆ ಹನ್ನೊಂದೂ ಮಣೆಗಳಿಗೆ ಅವನು ಬಣ್ಣ ಹಚ್ಚಿ ಒಣಗಿಸಿದ್ದ. ಒಂದು ಬದನೆಕಾಯಿಯ ಬಣ್ಣ, ಒಂದು ಕೆಂಪು ಮೆಣಸಿನಕಾಯಿಯ ಬಣ್ಣ, ಒಂದು ಪೇರಲ, ಒಂದು ಬಾಳೆಹಣ್ಣು. ಮೇಲೆ ಹೊಳೆಯುವ ಅರಗು ಬೇರೆ!

“ಬಿಳೀದು ಕರೀದು ಇರಬೇಕಾಗಿತ್ತಲ್ಲೋ ಅಜ್ಜಾ,” ಎಂದ ಅಣ್ಣ.

“ನಾನೂ ನೋಡಿದೆರಿ. ಬರೇ ಬಿಳೀದು, ಬರೇ ಕರೀದು. ಮನ್ಯಾಗ ಯಾರರ ತೀರಿಕೊಂಡಿದ್ರೇನ್ರಿ? ನೋಡಿ ನನಗ ಕರುಳು ಚುರ್ ಅಂತು. ಬಣ್ಣಕ್ಕ ನೀವೇನೂ ಕೊಡಬ್ಯಾಡ್ರಿ.”

ಅಷ್ಟು ಪ್ರೀತಿಯಿಂದ ಹಚ್ಚಿದ ಬಣ್ಣವನ್ನು ಕೆರೆಯುವ ಮನಸ್ಸು ಅಣ್ಣನಿಗೆ ಬರಲಿಲ್ಲ. ಕೆಲವು ದಿನಗಳಲ್ಲಿ ಅವನು ಧಾಟಿಗಳನ್ನು ಕಟ್ಟುವುದೇ ಆ ಬಣ್ಣಗಳ ಮೇಲೆ ಎಂದಾಯಿತು. ಮೆಣಸಿನಕಾಯಿಯಿಂದ ಹೊರಟು, ಎರಡು ಪೇರಲ ದಾಟಿ, ಬದನೆಕಾಯಿಯ ಮೇಲೆ ಸ್ವಲ್ಪ ಹೊತ್ತು ನಿಂತು, ಬಾಳೆಹಣ್ಣಿಗೆ ಬಂದು ಮುಗಿಯುವ ಧಾಟಿ ಅವನಿಗೆ ಬಹಳ ಇಷ್ಟದ್ದು. ಇಂಥ ಸಂಗೀತ ಅಮೆರಿಕದವರಿಗೂ ಇರಲಿಕ್ಕಿಲ್ಲ.

ದೀಪಾವಳಿಯ ಪಾಡ್ಯದ ದಿನ ಪೇಟಿ ಮನೆಗೆ ಬಂತು. ಅದನ್ನು ಪಿಯಾನೋ ಎಂದು ಕರೆದವರು ಯಾರೂ ಇಲ್ಲ, ಊರಿಗೆಲ್ಲ ಅದು ‘ದೊಡ್ಡ ಪೇಟಿ’. ಅವ್ವ ಆರತಿ ಮಾಡಿದಳು, ವಿಭೂತಿ ಹಚ್ಚಿದಳು. ಬೆಲ್ಲದ ಮನೆಯಾದ್ದರಿಂದ ಇರುವೆ ಹತ್ತಬಾರದೆಂದು ನಾಲ್ಕು ಮೂಲೆಗೂ ನೀರಿನ ಬಟ್ಟಲು ಇಟ್ಟಳು. ಅಪ್ಪ ಅದರ ಸುತ್ತ ಒಂದು ಸಲ ಬಂದು ಕೇಳಿದರು.

“ಇದರಿಂದ ಏನಾಗತೈತಿ?”

“ಕೇಳಿದವರ ಕಾಲು ತಾವ ಆಡ್ತಾವ್ರಿ,” ಎಂದ ಅಣ್ಣ.

“ಯಾಕ ಆಡಬೇಕು?”

ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಜಗತ್ತಿನಲ್ಲಿ ಇದ್ದಾರೋ ಇಲ್ಲವೋ, ಅಣ್ಣನಂತೂ ತಡವರಿಸಿದ. “ಮುಂಬೈದಾಗ ಆಡ್ತಾವ್ರಿ,” ಎಂದ.

“ಮುಂಬೈದಾಗ ಎಲ್ಲಾ ಆಡತೈತಿ. ಇಲ್ಲಿ ಆಡಲಿ, ನೋಡೂಣು.”

ಕರಾರು ಹುಟ್ಟಿದ್ದು ಹೀಗೆ. ಈ ಪಾಡ್ಯದಿಂದ ಮುಂದಿನ ಪಾಡ್ಯದವರೆಗೆ ಒಂದು ವರ್ಷದ ಗಡುವು. ಮೂಡಲಗಿ, ಗೋಕಾಕ, ಹುಕ್ಕೇರಿ, ಎಲ್ಲಿಗೆ ಬೇಕಾದರೂ ಹೋಗಲಿ. ಅಣ್ಣ ತಾನೇ ಕಟ್ಟಿದ ಧಾಟಿ ಬಾರಿಸಬೇಕು. ಅದನ್ನು ಕೇಳಿ ಬುದ್ಧಿ ನೆಟ್ಟಗಿರುವ ಒಬ್ಬ ಮನುಷ್ಯನ ಕಾಲು ತಾನಾಗಿ ಆಡಿದರೆ ಪೇಟಿ ಮನೆಯಲ್ಲಿರಲಿ. ಆಡದಿದ್ದರೆ ಪೇಟಿ ಹೋಗಲಿ, ಮಗ ಅಂಗಡಿಗೆ ಬರಲಿ. ಮಕ್ಕಳ ಕಾಲು ನಡೆಯುವುದಿಲ್ಲ, ಅವು ಮುಚ್ಚಳ ಬಿದ್ದರೂ ಕುಣಿಯುತ್ತವೆ. ಕುಡಿದವರ ಕಾಲು ನಡೆಯುವುದಿಲ್ಲ. ಕರಾರಿನ ಸುದ್ದಿ ಹೊರಗೆ ಯಾರಿಗೂ ಗೊತ್ತಾಗಬಾರದು. ಸಾಕ್ಷಿ ಯಾರು ಎಂಬ ಮಾತು ಬಂದಾಗ ಅಪ್ಪ ನನ್ನ ಕಡೆ ಕೈ ಮಾಡಿದರು.

“ಇಕಿ ಸುಳ್ಳು ಹೇಳೂದಿಲ್ಲ.”

ನಾನು ಆಗ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾಗಿದ್ದೆ. ವಯಸ್ಸು ಚಿಕ್ಕದಾದರೂ ಬಿಗಿ ದೊಡ್ಡದು. ಅಪ್ಪ ಹಾಗೆ ಹೇಳಿದಾಗ ನನಗೆ ಹೆಮ್ಮೆಯಿಂದ ಕಿವಿ ಬಿಸಿಯಾದವು. ಆ ಸಂಜೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದ.

“ತಂಗಿ, ಬೆಲ್ಲದ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಪೇಟಿ ಹೋಯ್ತಂದ್ರ ನಾನೂ ಹೋದಂಗ ನೋಡು. ಇದೊಂದನ್ನ ಬಿಟ್ಟು ನನಗ ಏನೂ ಬರೂದಿಲ್ಲ. ನೀ ಸ್ವಲ್ಪ, ಅಂದ್ರ ಕಣ್ಣು ಸ್ವಲ್ಪ...”

“ಸಾಕ್ಷಿ ಅಂದ್ರ ಸಾಕ್ಷಿ ಅಣ್ಣಾ,” ಎಂದೆ ನಾನು. ಎಂಥ ಕಲ್ಲುಮನಸ್ಸು ನೋಡಿ ನನ್ನದು!

ಮೊದಲ ಕಛೇರಿ ನಮ್ಮ ಪಡಸಾಲೆಯಲ್ಲೇ ಆಯಿತು. ಹದಿನೇಳು ಜನ ಬಂದಿದ್ದರು. ಮೂವತ್ನಾಲ್ಕು ಕಾಲುಗಳಲ್ಲಿ ಒಂದಾದರೂ ಆಡದೇ ಇದ್ದೀತೇ ಎಂದು ಅಣ್ಣ ಧೈರ್ಯವಾಗಿ ಕೂತ. ನಾನು ಕಂಬದ ಬದಿಗೆ ಕೂತು ಕಣ್ಣು ಕೆಳಗೆ ಮಾಡಿದೆ. ಮಾಡಿದರೆ ಏನು? ಒಂದು ಕಾಲೂ ಕಾಣಲಿಲ್ಲ. ಎಲ್ಲರೂ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಪಾದಗಳನ್ನು ಧೋತರದ ಒಳಗೆ ಸೇರಿಸಿ, ಭಕ್ತಿಯಿಂದ ಕೂತಿದ್ದರು. ವಾದ್ಯದ ಎದುರು ನಮ್ಮವರು ಕಾಲು ತೋರಿಸುತ್ತಾರೆಯೇ? ತಾಳ ಹಾಕುವುದಾದರೆ ಕೈ ಇದೆ, ತೊಡೆ ಇದೆ. ಅಣ್ಣ ಬೆವರು ಸುರಿಸಿ ಬಾರಿಸಿದ. ತಲೆಗಳು ಆಡಿದವು, ಕೈಗಳು ಆಡಿದವು, ಒಬ್ಬರ ಮೀಸೆಯೂ ಆಡಿತು. ಮುಂಬೈಯಲ್ಲಿ ಇಷ್ಟು ವರ್ಷ ಇದ್ದು ಬಂದ ಅಣ್ಣನಿಗೆ ತನ್ನ ಊರವರು ಹೇಗೆ ಕೂಡುತ್ತಾರೆ ಎಂಬುದೇ ಮರೆತುಹೋಗಿತ್ತು.

ಮುಂದಿನ ವಾರ ಅವನು ನನ್ನ ಶಾಲೆಯ ಬೆಂಚುಗಳನ್ನು ಬೇಡಿ ತಂದ. ಬೆಂಚಿನ ಮೇಲೆ ಕೂತರೆ ಕಾಲು ಇಳಿಬಿಡಲೇಬೇಕಲ್ಲ? ಹಿರಿಯರು ಬಂದರು, ಬೆಂಚುಗಳನ್ನು ನೋಡಿ ಸಂತೋಷಪಟ್ಟರು, ಕೂತರು. ಪೇಟಿಯ ಮೊದಲ ಸ್ವರ ಕೇಳಿದ್ದೇ ತಡ, ಒಬ್ಬೊಬ್ಬರೇ ಅಂಗಾಲು ಒರೆಸಿಕೊಂಡು ಕಾಲುಗಳನ್ನು ಬೆಂಚಿನ ಮೇಲೆ ಎತ್ತಿ ಮಡಚಿಕೊಂಡರು!

ಅಣ್ಣ ಬಾರಿಸುವುದನ್ನು ನಿಲ್ಲಿಸಿ ಮುಂದಿನ ಬೆಂಚಿನ ಹಿರಿಯರಿಗೆ ಹೇಳಿದ. “ಕಾಕಾರ, ಕಾಲು ಕೆಳಗ ಬಿಡ್ರಿ. ಆರಾಮ ಆಗತೈತಿ.”

“ಛೆ ಛೆ. ಸರಸ್ವತಿ ಮುಂದ ಕಾಲು ಚಾಚ್ತಾರೇನು? ನೀವು ಬಾರಸ್ರಿ, ನಮಗ ಹಿಂಗ ಆರಾಮೈತಿ.” ಆಮೇಲೆ ನನ್ನ ಕಡೆ ತಿರುಗಿ, “ಅಕ್ಕೋರ, ಬೆಂಚು ಇನ್ನೊಂದೀಟು ಅಗಲ ಇದ್ದಿದ್ರ ಛಲೋ ಇತ್ತು ನೋಡ್ರಿ,” ಎಂದರು.

ಅಣ್ಣ ಚೆನ್ನಾಗಿ ಬಾರಿಸಿದಷ್ಟೂ ಜನರ ಗೌರವ ಹೆಚ್ಚುತ್ತಿತ್ತು, ಗೌರವ ಹೆಚ್ಚಿದಷ್ಟೂ ಕಾಲುಗಳು ಒಳಗೆ ಹೋಗುತ್ತಿದ್ದವು. ಇಂಥ ಪಾಡು ಯಾವ ಕಲಾವಿದನಿಗೂ ಬರಬಾರದು. ಅಪ್ಪ ಪ್ರತಿ ವಾರ ಊಟದ ಹೊತ್ತಿಗೆ “ಎಷ್ಟು?” ಎಂದು ಕೇಳುವರು, ನಾನು “ಒಂದೂ ಇಲ್ರಿ” ಎನ್ನುವೆನು, ಅಣ್ಣ ರೊಟ್ಟಿ ಮುರಿಯುವನು.

ಬೇಸಗೆಯಲ್ಲಿ ಗೋಕಾಕದಿಂದ ಕರೆ ಬಂತು. ಅಲ್ಲಿ ಬೀಡುಬಿಟ್ಟಿದ್ದ ಒಂದು ನಾಟಕ ಕಂಪನಿಯ ಪೇಟಿಯವರು ಕಾಯಿಲೆ ಬಿದ್ದಿದ್ದರು. ಅಣ್ಣ ಹಿಗ್ಗಿದ, ಏಕೆಂದರೆ ರಂಗದ ಮೇಲೆ ಯಾರೂ ಕಾಲು ಮಡಚಿ ಕೂಡುವುದಿಲ್ಲ. ದೊಡ್ಡ ಪೇಟಿ ಬಂಡಿ ಏರಿತು. ಸಾಕ್ಷಿಯಾದ ನಾನೂ ಹೆಂಗಸರಿಗಾಗಿ ಇಟ್ಟ ಹಗಲಾಟಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಮಹಾರಾಜನ ಪ್ರವೇಶಕ್ಕೆ ಅಣ್ಣ ತನ್ನ ಮೆಣಸಿನಕಾಯಿ ಧಾಟಿ ಎತ್ತಿದ. ಆ ಪಾತ್ರದ ನಟರು ಇಪ್ಪತ್ತು ವರ್ಷ ನೆಟ್ಟಗಿನ ತಾಳಕ್ಕೆ ಹೆಜ್ಜೆ ಹಾಕಿದವರು. ಗತ್ತಿನಿಂದ ಕಾಲೆತ್ತಿದರು. ಬರಬೇಕಾದಲ್ಲಿ ತಾಳ ಬರಲಿಲ್ಲ. ಅಣ್ಣ ಅದನ್ನು ಬದನೆಕಾಯಿಯ ಮೇಲೆ ನಿಲ್ಲಿಸಿಕೊಂಡಿದ್ದ! ಮಹಾರಾಜರ ಕಾಲು ಗಾಳಿಯಲ್ಲೇ ಕಾಯಿತು. ಕಾದು ಕಾದು ಕೊನೆಗೆ ಮಹಾರಾಜರು ಕಿರೀಟಸಮೇತ ಮಂತ್ರಿಯ ಮೇಲೆ ಉರುಳಿದರು.

ನಮ್ಮ ಕಡೆ ನಾಟಕ ನೋಡುವ ಜನ ಎಂಥವರೆಂದು ನಿಮಗೆ ಗೊತ್ತಿರಬೇಕು. ಮೆಚ್ಚಿದರೆ ಮತ್ತೊಮ್ಮೆ ಮಾಡಿಸದೆ ಬಿಡುವವರಲ್ಲ. “ವನ್ಸ್ ಮೋರ್” ಎಂದು ನನ್ನ ಹಿಂದಿನ ಸಾಲಿನ ಒಬ್ಬ ಅಜ್ಜಿ ಕೂಗಿದಳು. ಇಡೀ ಚಪ್ಪರ ಕೂಗಿತು. ಮಹಾರಾಜರು ಎದ್ದು, ಒಳಗೆ ಹೋಗಿ, ಮತ್ತೆ ಪ್ರವೇಶ ಮಾಡಿ, ಮತ್ತೆ ಬಿದ್ದರು. ಒಟ್ಟು ಮೂರು ಸಲ ಬಿದ್ದರು ಎಂದು ನೆನಪು. ಮರುದಿನ ನಾನು ಅಪ್ಪನಿಗೆ ಎಲ್ಲವನ್ನೂ ಇದ್ದಂತೆ ಹೇಳಿದೆ.

ಅಪ್ಪ ಗಂಭೀರವಾಗಿ ಯೋಚಿಸಿ ತೀರ್ಪು ಕೊಟ್ಟರು. “ಅವರ ಕಾಲು ಆಡಲಿಲ್ಲ. ದಾರಿ ತಪ್ಪಿತು.”

ಹುಕ್ಕೇರಿಯಲ್ಲಿ ನಮ್ಮ ಬಳಗದ ಒಂದು ಮದುವೆ. ಮೆರವಣಿಗೆಯಲ್ಲಿ ಎಲ್ಲರೂ ನಿಂತೇ ಇರುತ್ತಾರೆ, ಕಾಲು ಅಡಗಿಸಲು ಯಾರಿಗೂ ಎಡೆಯಿಲ್ಲ ಎಂಬುದು ಅಣ್ಣನ ಲೆಕ್ಕಾಚಾರ. ಬಂಡಿಯ ಮೇಲೆ ಪೇಟಿಯನ್ನೂ ಅಣ್ಣನನ್ನೂ ಹಗ್ಗದಿಂದ ಕಟ್ಟಿದ್ದಾಯಿತು. ಅವನು ಬಾರಿಸುತ್ತ ಹೊರಟ, ಜನ ಹಿಂದೆ ನಡೆದರು, ನಾನು ತಲೆ ತಗ್ಗಿಸಿ ಕಾಲು ನೋಡುತ್ತ ನಡೆದೆ. ನಡೆಯುವ ಕಾಲುಗಳಲ್ಲಿ ನಡಿಗೆ ಯಾವುದು, ಜಾಝ್ ಯಾವುದು ಎಂದು ಹೇಗೆ ಗುರುತಿಸಬೇಕು? ನಾನು ಕಣ್ಣು ಕಿರಿದು ಮಾಡಿ, ತಲೆ ಇನ್ನೂ ತಗ್ಗಿಸಿ, ಊರ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಎಲ್ಲ ಕಾಲುಗಳೂ ಊಟದ ಕಡೆಗೆ ನೆಟ್ಟಗೆ ಹೋಗುತ್ತಿದ್ದವು.

ಅಣ್ಣನಿಗೆ ಅಲ್ಲಿಯೂ ಸೋಲೇ ಆಯಿತು. ನನಗೆ ಮಾತ್ರ ಅಲ್ಲೇ ಮದುವೆ ಗಟ್ಟಿಯಾಯಿತು! ಹುಕ್ಕೇರಿಯ ಒಬ್ಬ ತಾಯಿ ಮನೆಗೆ ಬಂದು ಅವ್ವನಿಗೆ ಹೇಳಿದರು, “ನಿಮ್ಮ ಮಗಳು ಭಾಳ ಮರ್ಯಾದಸ್ತಳರಿ. ಸಾಲಿ ಕಲಿತಾಕಿ, ಆದ್ರೂ ಇಡೀ ಮೆರವಣಿಗ್ಯಾಗ ಒಂದ ಸಲನೂ ಕಣ್ಣೆತ್ತಿ ಗಂಡಸರ ಮಾರಿ ನೋಡಲಿಲ್ಲ.” ಖರೆ ಮಾತು. ಅವರ ಮಗನದ್ದೂ ಸೇರಿ ಎಲ್ಲ ಗಂಡಸರ ಕಾಲು ನೋಡಿದ್ದೆ. ನನ್ನ ಗಂಡನ ಬಲಗಾಲಿನ ಕಿರುಬೆರಳು ಸೊಟ್ಟಗಿದೆ ಎಂಬುದು ಮುಹೂರ್ತಕ್ಕೆ ಮುಂಚೆಯೇ ನನಗೆ ಗೊತ್ತಿತ್ತು.

ಮಳೆ ಮುಗಿದು ಜೋಳ ಬಿತ್ತುವ ಹೊತ್ತಾಯಿತು. ಗಡುವಿಗೆ ತಿಂಗಳು ಉಳಿದಿತ್ತು. ಅಣ್ಣ ಊಟ ಕಡಿಮೆ ಮಾಡಿದ. ಕೊನೆಯ ಪ್ರಯತ್ನವೆಂದು ಕುಲಗೋಡದ ಕುರುಬರ ಹತ್ತಿರ ಹೋದ. ಡೊಳ್ಳು ಬಡಿಯುತ್ತ ಕುಣಿಯುವ ಜನ, ಅವರ ಕಾಲು ಹುಟ್ಟಿನಿಂದಲೇ ಆಡುವ ಕಾಲು. ನಾವು ಹೋದಾಗ ಹಟ್ಟಿಯ ಮುಂದೆ ಹತ್ತು ಜನ ಡೊಳ್ಳು ಕಟ್ಟಿಕೊಂಡು ಬಯಲು ನಡುಗುವಂತೆ ಕುಣಿಯುತ್ತಿದ್ದರು. ಅಣ್ಣನ ಮುಖ ಅರಳಿತು. ಬಂಡಿಯ ಮೇಲೇ ಕೂತು ತನ್ನ ಧಾಟಿ ಶುರು ಮಾಡಿದ. ಅವರು ತಕ್ಷಣ ಡೊಳ್ಳು ಬಿಚ್ಚಿಟ್ಟು, ಕಂಬಳಿ ಹಾಸಿ, ಕಾಲು ಮಡಚಿ ಕೂತರು. ಹೊರಗಿನಿಂದ ಬಂದ ಕಲಾವಿದ ಬಾರಿಸುವಾಗ ತಾವು ಕುಣಿಯುವುದು ಅಮರ್ಯಾದೆಯಲ್ಲವೇ?

ಮುಗಿದ ಮೇಲೆ ಅವರಲ್ಲಿ ಹಿರಿಯನಾದ ಒಬ್ಬ ಅಜ್ಜ ಎದ್ದು ಬಂದ. “ಛಲೋ ಬಾರಸ್ತೀರಿ. ಆದ್ರ ನಿಮ್ಮ ತಾಳದಾಗ ಒಂದು ಕುರಿ ತಪ್ಪಿಸಿಕೊಂಡೈತ್ರಿ.”

“ಹೌದೇನೋ ಅಜ್ಜಾ?”

“ಹೌದ್ರಿ. ಹುಡುಕಿಕೋತ ಹೋಗಿ ಇನ್ನೇನು ಹಿಡೀಬೇಕು ಅನ್ನೂದ್ರಾಗ ಅದು ತಾನ ಬಂದು ಮಂದ್ಯಾಗ ಸೇರತೈತಿ. ಬಂತಲಾ ಅಂತ ಕುಂತ್ರ ಮತ್ತೊಂದು ಹೋಗಿರತೈತಿ. ನಾ ಇಡೀ ಹೊತ್ತು ಮನಸಿನ್ಯಾಗ ಓಡಾಡಿದೆ ನೋಡ್ರಿ.”

ಅಣ್ಣ ಬಂಡಿಯಿಂದ ಇಳಿದು ಆ ಅಜ್ಜನನ್ನು ಅಪ್ಪಿಕೊಂಡ. ದಾರಿಯುದ್ದಕ್ಕೂ ನಗುತ್ತ ಬಂದ. “ತಂಗಿ, ಇದನ್ನ ಜಾಝ್ ಅಂತಾರ. ನಮ್ಮ ಮಾಸ್ತರರೂ ಇಷ್ಟು ಚಂದ ಹೇಳಿರಲಿಲ್ಲ. ತಿಳಿದವರು ಒಬ್ಬರು ಅದಾರ.” ಮೂಡಲಗಿಯ ಮನೆಗಳು ಕಾಣುವ ಹೊತ್ತಿಗೆ ಅವನ ನಗು ನಿಂತಿತು. ಮನಸ್ಸಿನಲ್ಲಿ ಓಡಾಡಿದ ಕಾಲನ್ನು ಅಪ್ಪನ ತಕ್ಕಡಿಯಲ್ಲಿ ಇಡಲು ಬರುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಪಾಡ್ಯ ಬಂತು. ಬೆಳಗಾವಿಯ ಒಬ್ಬರ ಮನೆಗೆ ಪೇಟಿ ಕೊಡುವುದೆಂದು ಮಾತಾಗಿ, ಬೆಳಿಗ್ಗೆಯೇ ಬಂಡಿ ಬಂದು ನಿಂತಿತ್ತು. ನಾಲ್ಕು ಜನ ಸೇರಿ ಪೇಟಿಯನ್ನು ಅಂಗಳಕ್ಕೆ ತಂದರು. ಅವ್ವ ನೀರಿನ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಅವತ್ತು ಅವರು ಕಾಲು ಮಡಚಿರಲಿಲ್ಲ, ಚಪ್ಪಲಿ ಬಿಟ್ಟು ಎರಡೂ ಕಾಲು ಕೆಳಗೆ ಇಳಿಬಿಟ್ಟಿದ್ದರು. ಕೊನೆಯ ದಿನ ತಮ್ಮ ಕಾಲೂ ತಪಾಸಣೆಗೆ ಕಾಣುವಂತಿರಬೇಕೆಂಬ ನ್ಯಾಯ ಅವರದು. ನಾನು ಕೆಳಗೆ ಮೆಟ್ಟಿಲ ಮೇಲೆ ಕೂತೆ. ಅವರ ಪಾದಗಳು ನನ್ನಿಂದ ಒಂದು ಮೊಳ ದೂರದಲ್ಲಿದ್ದವು. ಒಡೆದ ಹಿಮ್ಮಡಿ, ಬೆಲ್ಲದ ಪೆಂಟೆ ಬಿದ್ದು ಕಪ್ಪಾದ ಹೆಬ್ಬೆರಳಿನ ಉಗುರು.

“ಒಂದ ಸಲ ಬಾರಸ್ತೇನ್ರಿ. ಆಮ್ಯಾಲ ಒಯ್ಯಲಿ,” ಎಂದ ಅಣ್ಣ.

“ಬಾರಸು. ಪಾಡ್ಯ ಇನ್ನೂ ಮುಗದಿಲ್ಲ,” ಎಂದರು ಅಪ್ಪ.

ಅಣ್ಣ ಕುಣಿಸುವ ಧಾಟಿ ಬಾರಿಸಲಿಲ್ಲ. ಹೊಸದೊಂದನ್ನು ಬಾರಿಸಿದ. ಅದನ್ನು ಯಾವಾಗ ಕಟ್ಟಿದ್ದನೋ ನನಗೂ ಗೊತ್ತಿರಲಿಲ್ಲ. ನಮ್ಮ ಕಡೆ ತೂಗುವವರು ಎಣಿಸುವಾಗ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಒಂದು ರಾಗ ಹಿಡಿದು ಹೋಗುತ್ತಾರೆ. ಅಪ್ಪನಿಗೆ ತಮ್ಮದೇ ಒಂದು ರಾಗವಿತ್ತು. ‘ಲಾ’ ಎಂಬುದನ್ನು ಎಳೆದು, ತಕ್ಕಡಿಯ ಮುಳ್ಳು ನಿಲ್ಲುವವರೆಗೆ ತಡೆದು, ಆಮೇಲೆ ‘ಭ’ ಎನ್ನುತ್ತಿದ್ದರು. ನಾವಿಬ್ಬರೂ ತೊಟ್ಟಿಲಿನಿಂದ ಕೇಳಿದ ದನಿ ಅದು. ಅಣ್ಣನ ಬೆರಳುಗಳಲ್ಲಿ ಬಂದದ್ದು ಅದೇ. ಅಪ್ಪ ತಡೆಯುವಲ್ಲಿ ಅವನು ತಡೆದ, ಅಪ್ಪ ಇಳಿಸುವಲ್ಲಿ ಇಳಿಸಿದ. ಹತ್ತು ವರ್ಷ ಮುಂಬೈಯಲ್ಲಿದ್ದು ಇವನು ಕಲಿತದ್ದು ಅಪ್ಪ ಕೂತು ತೂಗುವ ಗದ್ದಿಯ ಬದಿಯಲ್ಲೇ ಇತ್ತಲ್ಲ!

ಆದರೆ ನಾನು ಸಾಕ್ಷಿ. ಕಣ್ಣು ಒರೆಸಿಕೊಂಡು ಆ ಎರಡು ಕಾಲುಗಳನ್ನೇ ನೋಡಿದೆ. ಆಡಲಿ, ಆಡಲಿ ಎಂದು ದೇವರಿಗೆ ಹರಕೆ ಹೊತ್ತೆ. ಅವು ಆಡಲಿಲ್ಲ. ಕಲ್ಲಿನಲ್ಲಿ ಕೆತ್ತಿದಂತೆ ಇದ್ದವು. ಹೆಬ್ಬೆರಳು ಕೂಡ ಮಿಸುಕಲಿಲ್ಲ. ಧಾಟಿ ಮುಗಿಯಿತು. ಅಣ್ಣ ಮುಚ್ಚಳ ಮುಚ್ಚಿದ. ಬಂಡಿಯವನು ಹಗ್ಗ ತೆಗೆದುಕೊಂಡು ಮುಂದೆ ಬಂದ.

“ತಡಿ,” ಎಂದರು ಅಪ್ಪ. “ಪೇಟಿ ಒಳಗ ಇಡ್ರಿ. ಕಾಲು ಆಡಿತು.”

“ಯಾರದ್ರಿ?” ಎಂದಳು ಬಾಗಿಲಲ್ಲಿ ಬಂದು ನಿಂತಿದ್ದ ಅವ್ವ.

“ನಂದು.”

ಅಣ್ಣ ನಂಬಲಿಲ್ಲ. ನಂಬುವುದಾದರೂ ಹೇಗೆ? ಅವನು ನನ್ನ ಕಡೆ ನೋಡಿದ. ಅಪ್ಪನೂ ನೋಡಿದರು. ಹಸಿ ಹೋಳಿಗೆಯನ್ನು ಹಸಿ ಎಂದೇ ಹೇಳಿದ, ಗುಂಜಿಯಷ್ಟೂ ಹೆಚ್ಚು ಕಡಿಮೆ ತೂಗದ ಆ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ನನ್ನಿಂದ ಏನನ್ನೋ ಬೇಡುತ್ತಿದ್ದರು.

“ಸಾಕ್ಷಿ ಐತೆಲ್ಲ. ಕೇಳು,” ಎಂದರು.

“ಆಡಿತಣ್ಣಾ,” ಎಂದೆ. “ನಾ ನೋಡೇನಿ.”

“ಯಾವ ಕಾಲು?” ಎಂದ ಅಣ್ಣ.

“ಎಡಗಾಲು,” ಎಂದರು ಅಪ್ಪ. “ಬಲಗಾಲು,” ಎಂದೆ ನಾನು. ಇಬ್ಬರ ಮಾತೂ ಒಂದೇ ಸಲಕ್ಕೆ ಹೊರಗೆ ಬಂತು!

ಬಂಡಿಯವನು ಕೆಮ್ಮಿದ. ಅವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಸುಳ್ಳು ಹೇಳುವ ರೂಢಿಯಿಲ್ಲದವರು ಸುಳ್ಳಿಗೆ ಇಳಿದರೆ ಹೀಗೇ ಆಗುವುದು. ಅಪ್ಪ ಸ್ವಲ್ಪ ಹೊತ್ತು ತಮ್ಮ ಕಾಲುಗಳನ್ನೇ ನೋಡಿಕೊಂಡರು.

“ಎರಡೂ,” ಎಂದರು.

ಅಣ್ಣ ಎದ್ದು ಬಂದ. ಕಟ್ಟೆಯ ಕೆಳಗೆ ಕೂತು ಅಪ್ಪನ ಎರಡೂ ಪಾದಗಳ ಮೇಲೆ ಹಣೆ ಇಟ್ಟ, ಬಹಳ ಹೊತ್ತು ಎತ್ತಲಿಲ್ಲ. ಅಂಗಳದಲ್ಲಿ ಯಾವ ಸದ್ದೂ ಇರಲಿಲ್ಲ, ಯಾರೂ ಏನೂ ಬಾರಿಸುತ್ತಿರಲಿಲ್ಲ. ಆಗ ಆ ಕಾಲುಗಳು ನಡುಗಿದವು, ಎಡವೂ ಬಲವೂ. ಇದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.